ಗೋದಲಿಯ ಸೊಬಗು: ಒಂದು ಆಕ್ಷೇಪಕ್ಕೆ ಸಮಾಧಾನ

ಕಳೆದ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ನಮ್ಮ ಊರಿನ ದೇವಾಲಯದ ಜಗಲಿಯ ಮೇಲೆ ಕ್ರಿಸ್ತಜಯಂತಿಯ ಏರ್ಪಾಡುಗಳನ್ನು ಕುರಿತು ಆಲೋಚಿಸಲು ನಾವು ಕೆಲವರು ಸೇರಿದ್ದೆವು. ವಾಡಿಕೆಯಂತೆ ಗೋದಲಿಯನ್ನು ಕಟ್ಟುವ ಮಾತು ಬಂದೊಡನೆ ವಿದ್ಯಾವಂತರಾದ ತರುಣರೊಬ್ಬರು ಎದ್ದು, "ಈ ಹುಲ್ಲು, ಈ ಮಣ್ಣಿನ ಬೊಂಬೆ, ಈ ಕಾಗದದ ನಕ್ಷತ್ರ, ಇವುಗಳಿಂದ ಶ್ರದ್ಧೆಗೆ ಆಗುವ ಲಾಭವೇನು? ಸುವಾರ್ತೆಯಲ್ಲಿ ಇವಕ್ಕೆ ಆಧಾರವೆಲ್ಲಿದೆ? ಡಿಸೆಂಬರ್ 25 ಎಂಬ ದಿನವೇ ರೋಮಿನ ಸೂರ್ಯಾರಾಧಕರಿಂದ ಎರವಾಗಿ ತಂದುದು. ಇದೆಲ್ಲವನ್ನೂ ನಿಲ್ಲಿಸಿ, ಉಳಿದ ಹಣವನ್ನು ಬಡವರಿಗೆ ಹಂಚಿ, ಪ್ರಾರ್ಥನೆ ಮಾಡಿ ಮನೆಗೆ ಹೋಗೋಣ" ಎಂದರು. ಅವರು ಕುಳಿತೊಡನೆ ಪೇಟೆಯಲ್ಲಿ ಅಂಗಡಿಯುಳ್ಳ ಗೃಹಸ್ಥರೊಬ್ಬರು ಎದ್ದು, "ನಿಲ್ಲಿಸುವುದೇಕೆ? ಕಟ್ಟುವ ಗೊಡವೆಯಷ್ಟೇ ನಮಗೆ ಬೇಡ. ಪಟ್ಟಣದ ಗುತ್ತಿಗೆದಾರರಿಗೆ ವಹಿಸಿದರೆ ಒಂದೇ ದಿನದಲ್ಲಿ ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ಮರ, ಬಣ್ಣ ಬದಲಿಸುವ ವಿದ್ಯುದ್ದೀಪ ಎಲ್ಲವನ್ನೂ ನೆರೆಯೂರಿನವರು ಬೆರಗಾಗುವಂತೆ ನಿಲ್ಲಿಸಿಕೊಡುತ್ತಾರೆ" ಎಂದರು. ಸಭೆ ಯಾವ ನಿರ್ಣಯಕ್ಕೂ ಬಾರದೆ ಚದುರಿತು. ದಾರಿಯಲ್ಲಿ ನನಗೆ ಜತೆಯಾದವರು ಹಳೆಯ ಮಿತ್ರರೊಬ್ಬರು. ಕ್ರೈಸ್ತರಲ್ಲ, ಆದರೆ ಪ್ರತಿ ವರ್ಷವೂ ನಮ್ಮ ಹಬ್ಬದ ಹಾಡನ್ನು ಕೇಳಲು ತಪ್ಪದೆ ಬರುವ ಸಾಹಿತ್ಯಾಭಿಮಾನಿಗಳು. ನಡೆದುದನ್ನೆಲ್ಲ ಕೇಳಿ ಅವರು ನಕ್ಕು, "ನಿಮ್ಮ ಹಬ್ಬದ ಚೆಲುವು ನನಗೆ ಬೇಕು. ಅದರ ಸಿದ್ಧಾಂತವನ್ನು ಬಿಟ್ಟುಬಿಟ್ಟರೂ ಚೆಲುವಿಗೆ ಏನೂ ಕೊರತೆಯಾಗದು" ಎಂದರು.

ಈ ಮೂವರ ಮಾತುಗಳು ಮೂರು ದಿಕ್ಕಿಗೆ ಎಳೆಯುವಂತೆ ತೋರಿದರೂ ಮೂವರೂ ಒಂದೇ ತಪ್ಪನ್ನು ಅಡಿಗಲ್ಲಾಗಿ ಇಟ್ಟುಕೊಂಡಿದ್ದಾರೆಂದು ನನ್ನ ಎಣಿಕೆ. ಶ್ರದ್ಧೆ ಎಂಬುದು ಒಂದು ವಸ್ತು, ಚೆಲುವು ಅದರ ಮೇಲೆ ಹೊದಿಸಿದ ವಸ್ತ್ರ. ಬೇಡವಾದಾಗ ತೆಗೆಯಬಹುದು, ಬೇಕಾದಾಗ ಬಾಡಿಗೆಗೆ ತರಬಹುದು, ವಸ್ತ್ರವನ್ನಷ್ಟೇ ಮನೆಗೆ ಒಯ್ಯಲೂಬಹುದು ಎಂಬುದೇ ಆ ತಪ್ಪು. ಕ್ರಿಸ್ತಜಯಂತಿಯ ವಿಷಯದಲ್ಲಿ ಇದು ಸರ್ವಥಾ ಸಲ್ಲದು. ಏಕೆಂದರೆ ಆ ದಿನ ಕ್ರೈಸ್ತರು ಸ್ಮರಿಸುವುದೇನನ್ನು? ಕಣ್ಣಿಗೆ ಕಾಣದ ದೇವರು ಕಣ್ಣಿಗೆ ಕಾಣುವ ಶಿಶುವಾದನು. ತಾಯ ತೋಳಿಗೆ ಭಾರವಾಗುವಂತೆ, ಚಳಿಗೆ ಅಳುವಂತೆ, ದನಗಳಿಗೆ ಮೇವು ಹಾಕುವ ತೊಟ್ಟಿಯಾದ ಗೋದಲಿಯಲ್ಲಿ ಮಲಗುವಂತೆ ಮನುಷ್ಯದೇಹವನ್ನು ತಳೆದನು ಎಂಬುದನ್ನು. ಇದನ್ನು ನಂಬಿದವನು ಕಣ್ಣು ಕಿವಿಗಳನ್ನು ಮುಚ್ಚಿಕೊಂಡು ಹಬ್ಬ ಮಾಡಲಾರನು. ಕಣ್ಣು ಕಿವಿಗಳನ್ನು ಮಾತ್ರ ತಣಿಸಿಕೊಂಡು ಹೋಗುವವನಿಗೆ ಅಲ್ಲಿ ಕಾಣತಕ್ಕುದು ಕಾಣದು. ಇದು ನನ್ನ ಪಕ್ಷ. ಒಂದೊಂದು ಆಕ್ಷೇಪವನ್ನೂ ಎತ್ತಿಕೊಂಡು ಉತ್ತರ ಹೇಳುತ್ತೇನೆ. ವಾಚಕರು ತಾಳ್ಮೆಯಿಂದ ಪರಾಂಬರಿಸಬೇಕು.

ಮೊದಲು ತರುಣ ಮಿತ್ರರ ಮಾತು. ಅವರು ಹೇಳಿದ ಸಂಗತಿಗಳಲ್ಲಿ ಕೆಲವು ನಿಜವೇ; ಅವನ್ನು ಮರೆಮಾಚುವುದು ಶ್ರದ್ಧೆಗೆ ಶೋಭೆಯಲ್ಲ. ಮತ್ತಾಯನ ಸುವಾರ್ತೆಯಲ್ಲಾಗಲಿ ಲೂಕನ ಸುವಾರ್ತೆಯಲ್ಲಾಗಲಿ ಯೇಸು ಹುಟ್ಟಿದ ತಿಂಗಳೂ ಇಲ್ಲ, ದಿನವೂ ಇಲ್ಲ. ಡಿಸೆಂಬರ್ 25ನ್ನು ಜನನದ ದಿನವೆಂದು ಸ್ಪಷ್ಟವಾಗಿ ಗುರುತಿಸಿದ ಬಹು ಹಳೆಯ ದಾಖಲೆ ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗ. ಆರ್ಮೇನಿಯದ ಸಭೆಯವರು ಇಂದಿಗೂ ಜನವರಿ 6ರಂದೇ ಈ ಹಬ್ಬವನ್ನು ಆಚರಿಸುತ್ತಾರೆ. ಚಕ್ರವರ್ತಿ ಅವ್ರೇಲಿಯನನು 274ರಲ್ಲಿ ರೋಮಿನಲ್ಲಿ ಅಜೇಯಸೂರ್ಯನಿಗೆ ಗುಡಿ ಕಟ್ಟಿಸಿದುದೂ ನಿಜ. ಆ ಸೂರ್ಯೋತ್ಸವದಿಂದ ಕ್ರೈಸ್ತರು ದಿನವನ್ನು ಎತ್ತಿಕೊಂಡರೋ, ಅಥವಾ ಮರಿಯಳು ಗರ್ಭವತಿಯಾದ ದಿನವನ್ನು ಮಾರ್ಚ್ 25 ಎಂದೆಣಿಸಿ ಅದಕ್ಕೆ ಒಂಬತ್ತು ತಿಂಗಳು ಕೂಡಿಸಿದರೋ ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ವಾದಕ್ಕಾಗಿ ಎರವೆಂದೇ ಒಪ್ಪೋಣ. ಅದರಿಂದ ಹಾನಿಯೇನು? ಹಬ್ಬವೆಂಬುದು ಜನನಪತ್ರವಲ್ಲ. ಉತ್ತರ ದೇಶಗಳಲ್ಲಿ ಇರುಳು ಅತಿ ದೀರ್ಘವಾಗಿ, ಹಗಲು ಮತ್ತೆ ಬೆಳೆಯತೊಡಗುವ ಹೊತ್ತನ್ನು ನೋಡಿ, ಕತ್ತಲೆಗೆ ಬೆಳಕು ಬಂದುದನ್ನು ನೆನೆಯಲು ಇದು ತಕ್ಕ ಕಾಲವೆಂದು ಹಿರಿಯರು ಕಂಡುಕೊಂಡಿದ್ದರೆ ಅವರನ್ನು ಕಳ್ಳರೆಂದು ಕರೆಯಲಾದೀತೆ?

ಎರವಲು ಎಂದೊಡನೆ ಮುಖ ಸಿಂಡರಿಸುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ದೇವಾಲಯಸಂಗೀತದ ಹೊಣೆ ಹೊತ್ತಿದ್ದ ಬಾಖ್ ಎಂಬ ಮಹಾಸಂಗೀತಗಾರನು 1733ರಲ್ಲಿ ರಾಣಿಯೊಬ್ಬಳ ಹುಟ್ಟುಹಬ್ಬಕ್ಕೆಂದು ನಗಾರಿ ತುತ್ತೂರಿಗಳ ಒಂದು ವೈಭವದ ಸಂಗೀತವನ್ನು ರಚಿಸಿದನು. ಮರುವರ್ಷ ಕ್ರಿಸ್ತಜಯಂತಿಗಾಗಿ ದೊಡ್ಡದೊಂದು ಕೃತಿಯನ್ನು ಕಟ್ಟುವಾಗ ಅದೇ ಸಂಗೀತಕ್ಕೆ ಹೊಸ ಮಾತುಗಳನ್ನು ಹೊಂದಿಸಿ ಅದರ ಮೊದಲಿನಲ್ಲಿಟ್ಟನು. 1734ರ ಡಿಸೆಂಬರ್ 25ರಿಂದ 1735ರ ಜನವರಿ 6ರ ವರೆಗೆ ಆರು ಹಬ್ಬದ ದಿನಗಳಲ್ಲಿ ಆ ಕೃತಿಯನ್ನು ಭಾಗಭಾಗವಾಗಿ ಹಾಡಿದರು. ರಾಣಿಗಾಗಿ ಮೊಳಗಿದ ತುತ್ತೂರಿ ಕೊಟ್ಟಿಗೆಯ ಕೂಸಿಗಾಗಿ ಮೊಳಗಿತು. ಇಂದು ಆ ರಾಣಿಯ ಹೆಸರನ್ನು ಬಲ್ಲವರು ಎಷ್ಟು ಮಂದಿ? ಆ ಸಂಗೀತವಂತೂ ಪ್ರತಿ ಡಿಸೆಂಬರಿನಲ್ಲಿಯೂ ಲೋಕದ ನಾನಾ ಭಾಗಗಳಲ್ಲಿ ಮೊಳಗುತ್ತಿದೆ. ಎರವಲು ತಂದ ವಸ್ತು ಯಾರ ಪಾದಕ್ಕೆ ಸಲ್ಲುತ್ತದೆಂಬುದರಿಂದ ಅದರ ಬೆಲೆ ನಿರ್ಣಯವಾಗುತ್ತದೆ.

ಸುವಾರ್ತೆಯಲ್ಲಿ ಬೊಂಬೆಗೆ ಆಧಾರವೆಲ್ಲಿ ಎಂದು ಕೇಳುತ್ತಾರೆ. ಈ ಪ್ರಶ್ನೆ ಹೊಸದಲ್ಲ. ಎಂಟನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಗಳೇ ಈ ಪ್ರಶ್ನೆಯನ್ನೆತ್ತಿ ದೇವಾಲಯಗಳ ಚಿತ್ರಗಳನ್ನು ತೆಗೆಸಿಹಾಕಿದರು. ಆಗ ದಮಸ್ಕದ ಯೋಹಾನನೆಂಬ ಪಂಡಿತನು ಕೊಟ್ಟ ಉತ್ತರದ ತಾತ್ಪರ್ಯ ಹೀಗಿದೆ: ದೇಹವಿಲ್ಲದ ದೇವರನ್ನು ಚಿತ್ರಿಸುವುದು ಅಸಾಧ್ಯ, ಒಪ್ಪಿದೆ, ಆದರೆ ಅವನೇ ದೇಹವನ್ನು ತಳೆದು ಮನುಷ್ಯರ ನಡುವೆ ಓಡಾಡಿದ ಮೇಲೆ, ಕಂಡುದನ್ನು ಚಿತ್ರಿಸಬಾರದೆಂದರೆ ಅವನು ದೇಹವನ್ನು ತಳೆದದ್ದನ್ನೇ ಅಲ್ಲಗಳೆದಂತಾಗುತ್ತದೆ. 787ರಲ್ಲಿ ನಿಕೇಯದಲ್ಲಿ ಸೇರಿದ ಸಭೆ ಈ ಪಕ್ಷವನ್ನೇ ಎತ್ತಿಹಿಡಿಯಿತು. ನಮ್ಮ ಮಣ್ಣಿನ ಬೊಂಬೆಗೆ ಇದಕ್ಕಿಂತ ಹೆಚ್ಚಿನ ಆಧಾರ ಬೇಡ. ಅದು ಪೂಜೆಯ ವಸ್ತುವಲ್ಲ; ಇಂಥದೊಂದು ನಿಜವಾಗಿಯೂ ಮಣ್ಣಿನ ಮೇಲೆ ನಡೆಯಿತೆಂದು ಮಣ್ಣಿನಿಂದಲೇ ಹೇಳುವ ಸಾಕ್ಷಿ.

ಅಲಂಕಾರವನ್ನೆಲ್ಲ ಕಿತ್ತುಹಾಕಿದರೆ ಶುದ್ಧವಾದ ಭಕ್ತಿ ಉಳಿಯುವುದೆಂಬುದನ್ನು ಒಂದು ರಾಷ್ಟ್ರವೇ ಪರೀಕ್ಷಿಸಿ ನೋಡಿದೆ. ಇಂಗ್ಲೆಂಡಿನಲ್ಲಿ ಪ್ಯೂರಿಟನ್ ಪಂಥದವರ ಕೈ ಮೇಲಾಗಿದ್ದ ಕಾಲದಲ್ಲಿ, 1647ರಲ್ಲಿ, ಅಲ್ಲಿಯ ಪಾರ್ಲಿಮೆಂಟು ಈ ಹಬ್ಬವನ್ನು ಶಾಸನದಿಂದ ರದ್ದುಮಾಡಿತು. ಆ ವರ್ಷ ಹಬ್ಬದ ದಿನ ಕ್ಯಾಂಟರ್ಬರಿ ಪಟ್ಟಣದಲ್ಲಿ ಅಂಗಡಿಗಳನ್ನು ತೆರೆಯಬೇಕೆಂದು ಅಧಿಕಾರಿಗಳು ಆಜ್ಞೆ ಮಾಡಲು ಜನರು ದಂಗೆಯೆದ್ದರು. ಕಡಲಾಚೆ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರ ಕಾನೂನು, ಕೆಲಸ ಬಿಟ್ಟಾಗಲಿ ಔತಣ ಮಾಡಿಯಾಗಲಿ ಈ ದಿನವನ್ನು ಆಚರಿಸಿದವರಿಗೆ ಐದು ಷಿಲ್ಲಿಂಗ್ ದಂಡ ವಿಧಿಸಿತು. 1681ರ ವರೆಗೂ ಅದು ಜಾರಿಯಲ್ಲಿತ್ತು. ವಾಚಕರು ಇಲ್ಲಿ ಒಂದಂಶವನ್ನು ಗಮನಿಸಬೇಕು. ಹಬ್ಬವನ್ನು ಹೊರಕ್ಕೆ ಹಾಕಿದವರು ಆ ದಿನ ಅಂಗಡಿಯನ್ನು ತೆರೆಯಿರೆಂದರು! ಭಕ್ತಿಗಾಗಿ ತೆರವು ಮಾಡಿದ ಜಾಗಕ್ಕೆ ಮೊದಲು ಬಂದು ಕುಳಿತದ್ದು ವ್ಯಾಪಾರ. ನಮ್ಮ ಸಭೆಯಲ್ಲಿ ತರುಣರು ಕುಳಿತೊಡನೆ ಅಂಗಡಿಯ ಗೃಹಸ್ಥರು ಎದ್ದುದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಬಡವರ ಮಾತು ಉಳಿಯಿತು. ಬಡವರಿಗೆ ಕೊಡುವುದು ಹಬ್ಬದ ಮೊದಲ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಹಸಿದ ನೆರೆಯವನನ್ನು ಮರೆತು ಕಟ್ಟಿದ ಗೋದಲಿ ಬರಿಯ ಹುಲ್ಲಿನ ರಾಶಿ. ಆದರೆ ಬೇಥಾನ್ಯದಲ್ಲಿ ಮರಿಯಳೆಂಬಾಕೆ ಬೆಲೆಯುಳ್ಳ ಪರಿಮಳತೈಲವನ್ನು ಯೇಸುವಿನ ಪಾದಕ್ಕೆ ಸುರಿದಾಗ, ಇದನ್ನು ಮಾರಿ ಬಡವರಿಗೆ ಹಂಚಬಾರದಿತ್ತೆ ಎಂದು ಗೊಣಗಿದವನು ಯಾರು, ಅವಳ ಪಕ್ಷವನ್ನು ವಹಿಸಿದವನು ಯಾರು ಎಂಬುದನ್ನು ಯೋಹಾನನ ಸುವಾರ್ತೆಯಲ್ಲಿ ನಮ್ಮ ಮಿತ್ರರು ಮತ್ತೊಮ್ಮೆ ಓದಿಕೊಳ್ಳಲಿ. ಇಷ್ಟಕ್ಕೂ ಹುಲ್ಲು, ಕೆಮ್ಮಣ್ಣು, ಬಿದಿರು, ಕಾಗದ, ಇವುಗಳಿಗೆ ತಗಲುವ ಖರ್ಚೆಷ್ಟು? ಬಡವರ ಮನೆಯ ಸೊಬಗನ್ನು ಬಡವರ ಹೆಸರಿನಲ್ಲಿ ಕಿತ್ತುಕೊಳ್ಳುವುದು ಯಾವ ನ್ಯಾಯ? ಬಂಗಲೆಯಲ್ಲಿರುವವನಿಗೆ ವರ್ಷವಿಡೀ ನೋಡಲು ಚೆಲುವಾದ ವಸ್ತುಗಳುಂಟು. ಕೂಲಿಕಾರನ ಮಗುವಿಗೆ ಗೋದಲಿಯ ಮುಂದೆ ಉರಿಯುವ ಹಣತೆ ಒಂದೇ ಉಂಟು.

ಇನ್ನು ಗುತ್ತಿಗೆಯ ಪಕ್ಷ. ಇವರು ಅಲಂಕಾರದ ಮಿತ್ರರಂತೆ ಕಂಡರೂ ನನ್ನ ದೃಷ್ಟಿಯಲ್ಲಿ ತರುಣರಿಗಿಂತ ಹೆಚ್ಚಿನ ಅಪಾಯ ಇವರಿಂದಲೇ. ತರುಣರು ಚೆಲುವನ್ನು ಕಂಡು ಹೆದರಿದವರು, ಹೆದರಿಕೆಯಲ್ಲಿಯೂ ಒಂದು ಬಗೆಯ ಗೌರವವುಂಟು. ಇವರು ಅದನ್ನು ಸರಕೆಂದು ತಿಳಿದವರು. ನವೆಂಬರ್ ಮುಗಿಯುವುದಕ್ಕೆ ಮೊದಲೇ ಪಟ್ಟಣದ ಬೃಹತ್ ಮಳಿಗೆಗಳಲ್ಲಿ ಕೆಂಪಂಗಿಯ ತಾತ ಬಂದು ನಿಲ್ಲುತ್ತಾನೆ. ನಾಲ್ಕನೆಯ ಶತಮಾನದಲ್ಲಿ ಮೀರ ಎಂಬ ಊರಿನ ಧರ್ಮಾಧ್ಯಕ್ಷನಾಗಿದ್ದು, ಬಡವರಿಗೆ ಗುಟ್ಟಾಗಿ ಕೊಡುತ್ತಿದ್ದನೆಂದು ಹೆಸರಾದ ಸಂತ ನಿಕೋಲಾಸನೇ ಈ ತಾತನ ಮೂಲ. ಗುಟ್ಟಾಗಿ ಕೊಡುತ್ತಿದ್ದವನನ್ನು ಡಂಗುರ ಹೊಡೆದು ಮಾರುವವನನ್ನಾಗಿ ಮಾಡಿದ್ದೇವೆ. ಸೆಕೆಗೆ ಬೆವರುವ ನಮ್ಮ ಕರಾವಳಿಯಲ್ಲಿ ಹತ್ತಿಯನ್ನು ಹಿಮವೆಂದು ಹರಡುವುದನ್ನು ಕಂಡಾಗ ನಗುವುದೋ ಅಳುವುದೋ ತಿಳಿಯದು. ಬೇತ್ಲೆಹೇಮು ಏಷ್ಯಾ ಖಂಡದ ಊರು. ಅಲ್ಲಿಯ ಕುರಿ, ಕತ್ತೆ, ಬಾವಿ, ಎಣ್ಣೆದೀಪಗಳು ಯೂರೋಪಿನ ಹಿಮಕ್ಕಿಂತ ನಮ್ಮ ಹಟ್ಟಿಗೆ ಹತ್ತಿರ.

ಗೋದಲಿಯನ್ನು ಕಟ್ಟುವ ಪದ್ಧತಿಗೆ ಹೊಸ ಜೀವ ಕೊಟ್ಟವನು ಯಾರು, ಹೇಗೆ ಕೊಟ್ಟನು? 1223ರಲ್ಲಿ ಇಟಲಿಯ ಗ್ರೇಚ್ಚೊ ಎಂಬ ಗುಡ್ಡಗಾಡಿನ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು, ಆ ಶಿಶು ಪಟ್ಟ ಬಡತನವನ್ನು ಕಣ್ಣಾರೆ ಕಾಣಬೇಕೆಂದು ಬಯಸಿ, ಗೋದಲಿಯೊಂದನ್ನೂ ಹುಲ್ಲನ್ನೂ ತರಿಸಿ, ಪಕ್ಕದಲ್ಲಿ ಜೀವಂತವಾದ ಎತ್ತನ್ನೂ ಕತ್ತೆಯನ್ನೂ ಕಟ್ಟಿಸಿದನು. ಸುತ್ತಲಿನ ಜನರು ಪಂಜುಗಳನ್ನು ಹಿಡಿದು ಇರುಳಿನಲ್ಲಿ ಬಂದು ಸೇರಿದರು. ಅಲ್ಲಿ ಚಿನ್ನವಿರಲಿಲ್ಲ, ರೇಷ್ಮೆಯಿರಲಿಲ್ಲ. ಆ ಊರಿನ ಹುಲ್ಲು, ಆ ಊರಿನ ದನ, ಆ ಊರಿನವರು ಕೈಯಾರೆ ಮಾಡಿದ ಪಂಜು ಇದ್ದವು. ಅದನ್ನು ಗುತ್ತಿಗೆಗೆ ಕೊಟ್ಟಿದ್ದರೆ ಎಂಟುನೂರು ವರ್ಷಗಳ ಮೇಲೆ ನಾವು ನೆನೆಯುತ್ತಿದ್ದೆವೆ?

ನಮ್ಮ ಹಿರಿಯರು ಈ ಗುಟ್ಟನ್ನು ಬಲ್ಲವರಾಗಿದ್ದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಹಬ್ಬಕ್ಕೆ ಎರಡು ವಾರ ಮುಂಚೆಯೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಭತ್ತವನ್ನೋ ಬಿತ್ತುತ್ತಾರೆ. ಮಕ್ಕಳು ದಿನವೂ ನೀರು ಚಿಮುಕಿಸುತ್ತಾರೆ. ಜಯಂತಿಯ ರಾತ್ರಿಗೆ ಸರಿಯಾಗಿ ಹಸುರು ಪೈರು ಎದ್ದು ಗೋದಲಿಯ ಸುತ್ತ ಗದ್ದೆಯಾಗುತ್ತದೆ. ಇದು ಕಾಯುವ ಭಕ್ತಿ. ಹಣ ಕೊಟ್ಟು ಒಂದೇ ದಿನದಲ್ಲಿ ತರಿಸತಕ್ಕದ್ದಲ್ಲ. ಅಕ್ಕಿ, ತೆಂಗು, ಎಳ್ಳು, ಬೆಲ್ಲಗಳಿಂದ ನೆವ್ರಿ, ಕಿಡ್ಯೊ, ಗುಳಿಯೊ ಮೊದಲಾದ ಕುಸ್ವಾರಿನ ತಿಂಡಿಗಳನ್ನು ಮಾಡಿ, ತಟ್ಟೆಗೆ ಬಟ್ಟೆ ಮುಚ್ಚಿ, ಜಾತಿಮತಗಳನ್ನೆಣಿಸದೆ ನೆರೆಮನೆಗಳಿಗೆ ಕಳುಹಿಸುವುದೂ ಈ ಸೊಬಗಿನ ಭಾಗವೇ. ಜರ್ಮನಿಯಿಂದ ಬಂದ ಕಿಟ್ಟೆಲರು ಕ್ರಿಸ್ತನ ಚರಿತೆಯನ್ನು ಹೇಳಲು ಹೊರಟಾಗ ಕನ್ನಡದ ಛಂದಸ್ಸನ್ನೇ ಹಿಡಿದು 1862ರಲ್ಲಿ 'ಕಥಾಮಾಲೆ'ಯನ್ನು ಪ್ರಕಟಿಸಿದರು. ಗೋವೆಯಲ್ಲಿ 1902ರಲ್ಲಿ ಹುಟ್ಟಿದ ಚಿತ್ರಕಾರ ಆಂಜೆಲೊ ದ ಫೊನ್ಸೆಕಾ ಅವರು ಬಂಗಾಳದಲ್ಲಿ ಅವನೀಂದ್ರನಾಥ ಠಾಕೂರರ ಮತ್ತು ನಂದಲಾಲ ಬೋಸರ ಬಳಿ ಕಲಿತು, ಮರಿಯಮ್ಮನವರನ್ನು ಸೀರೆಯುಟ್ಟ ನಮ್ಮ ನಾಡಿನ ತಾಯಿಯನ್ನಾಗಿ ಬರೆದರು. ಅದಕ್ಕಾಗಿ ಸ್ವಂತ ನಾಡಿನ ಕ್ರೈಸ್ತರಿಂದಲೇ ನಿಂದೆಯನ್ನು ಕೇಳಿ, ಪುಣೆಯ ಒಂದು ಆಶ್ರಮದಲ್ಲಿ ನೆಲಸಿ, 1967ರಲ್ಲಿ ತೀರಿಕೊಂಡರು. ಹತ್ತಿಯ ಹಿಮವನ್ನು ನೋಡಿ ಹಿಗ್ಗುವ ನಾವು ಸೀರೆಯುಟ್ಟ ಮರಿಯಳನ್ನು ನೋಡಿ ಹುಬ್ಬು ಗಂಟಿಕ್ಕಿದೆವಲ್ಲಾ, ಇದಕ್ಕಿಂತ ನಾಚಿಕೆಗೇಡು ಯಾವುದು?

ಕೊನೆಗೆ ನನ್ನ ಮಿತ್ರರು. ಅವರಿಗೆ ಉತ್ತರ ಹೇಳುವುದೇ ಕಷ್ಟ, ಏಕೆಂದರೆ ಅವರು ನಮ್ಮ ಹಬ್ಬವನ್ನು ಪ್ರೀತಿಸುವವರು. ಸಿದ್ಧಾಂತವನ್ನು ಒಪ್ಪಿಕೊಳ್ಳಿರೆಂದು ಅವರನ್ನು ಬಲಾತ್ಕರಿಸುವ ಅಧಿಕಾರ ಯಾರಿಗೂ ಇಲ್ಲ. ಕ್ರೈಸ್ತರಲ್ಲದ ಮಂಜೇಶ್ವರ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಕಾವ್ಯವನ್ನು ಕನ್ನಡಕ್ಕೆ ಕೊಟ್ಟವರೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಪೈಗಳು ಆ ಶಿಲುಬೆಯ ಚೆಲುವನ್ನು ಅದರ ನೋವಿನಿಂದ ಬೇರ್ಪಡಿಸಲಿಲ್ಲ. ನಂಬಿದವನ ಕಣ್ಣಿಗೆ ಅದು ಏನಾಗಿ ಕಂಡಿತೆಂಬುದನ್ನು ಹೊಕ್ಕು ನೋಡಿದರು. ನನ್ನ ಮಿತ್ರರಿಂದ ನಾನು ಬೇಡುವುದೂ ಇಷ್ಟನ್ನೇ.

ಜನನದ ಕಥೆಯಲ್ಲಿ ತಾನಾಗಿ ಚೆಲುವಾದದ್ದು ಯಾವುದಿದೆ, ಹೇಳಿರಿ. ಜನಗಣತಿಗೆ ಹೆಸರು ಬರೆಯಿಸಲು ದೂರದ ಊರಿನಿಂದ ಬಂದ ಬಡಗಿ, ಪೂರ್ಣಗರ್ಭಿಣಿಯಾದ ಅವನ ಪತ್ನಿ, ಛತ್ರದಲ್ಲಿ ಸ್ಥಳವಿಲ್ಲ, ದನದ ಮೇವಿನ ತೊಟ್ಟಿಯೇ ತೊಟ್ಟಿಲು. ನೋಡಬಂದ ಮೊದಲ ಮಂದಿ ಹೊಲದಲ್ಲಿ ರಾತ್ರಿಗಾವಲಿದ್ದ ಕುರುಬರು. ಮುಂದೆ ದೇವಾಲಯದಲ್ಲಿ ಆ ದಂಪತಿಗಳು ಅರ್ಪಿಸಿದುದು ಕುರಿಯನ್ನು ತರಲಾರದ ಬಡವರಿಗೆ ವಿಧಿಸಿದ್ದ ಜೋಡಿ ಹಕ್ಕಿಗಳನ್ನು. ಅದಾದ ಮೇಲೆ ಹೆರೋದನ ಕತ್ತಿ, ಐಗುಪ್ತಕ್ಕೆ ಪಲಾಯನ. 1566ರಲ್ಲಿ ಬ್ರೂಗೆಲ್ ಎಂಬ ಚಿತ್ರಕಾರನು ಬೇತ್ಲೆಹೇಮಿನ ಗಣತಿಯನ್ನು ತನ್ನ ದೇಶದ ಒಂದು ಹಳ್ಳಿಯಲ್ಲಿ ನಡೆದಂತೆ ಬರೆದನು. ಆ ಚಿತ್ರ ಈಗ ಬ್ರಸೆಲ್ಸ್ ನಗರದಲ್ಲಿದೆ. ಅದರಲ್ಲಿ ಕಂದಾಯ ಕೊಡಲು ನೆರೆದ ಜನ, ಮಂಜಿನ ಮೇಲೆ ಆಡುವ ಮಕ್ಕಳು, ಬಂಡಿಗಳು, ಕೋಳಿಗಳು ಎಲ್ಲ ಇವೆ. ಕತ್ತೆಯ ಮೇಲೆ ಕುಳಿತು ಬರುತ್ತಿರುವ ಮರಿಯಳನ್ನು ಮಾತ್ರ ಹುಡುಕಿ ಕಾಣಬೇಕು. ಚಿತ್ರದಲ್ಲಿರುವ ಯಾರೂ ಅವಳನ್ನು ನೋಡುತ್ತಿಲ್ಲ. ಅವಳು ಯಾರೆಂದು ತಿಳಿಯದವನಿಗೆ ಅದು ಒಂದು ಸಂತೆಯ ಚಿತ್ರ. ತಿಳಿದವನಿಗೆ ಆ ಗುಂಪಿನ ನಡುವೆ ಎದೆ ಝಲ್ಲೆನ್ನುತ್ತದೆ. ಬಣ್ಣ ಒಂದೇ, ರೇಖೆ ಒಂದೇ. ಆದರೂ ಒಬ್ಬನು ಕಂಡುದನ್ನು ಇನ್ನೊಬ್ಬನು ಕಾಣನು.

ಮೇಲೆ ಹೇಳಿದ ಬಾಖನ ಕೃತಿಯಲ್ಲಿಯೂ ಇದೇ ಮಾತು. ತುತ್ತೂರಿಯ ಸಂಭ್ರಮ ಮುಗಿದು, ಬರುವ ಪ್ರಭುವನ್ನು ಹೇಗೆ ಎದುರುಗೊಳ್ಳಲಿ ಎಂಬರ್ಥದ ಮೊದಲ ಸಭಾಗೀತ ಬರುತ್ತದೆ. ಅದರ ರಾಗವಾವುದು? ಕ್ರಿಸ್ತನ ಮುಳ್ಳಿನ ಕಿರೀಟವನ್ನು ನೆನೆದು ಶುಭಶುಕ್ರವಾರದ ಕಾಲದಲ್ಲಿ ಜರ್ಮನಿಯ ಜನರು ಹಾಡುತ್ತಿದ್ದ ರಾಗ. ಕೃತಿಯ ಕೊನೆಯ ಗೀತಕ್ಕೂ ಅದೇ ರಾಗವಿದೆ. ತೊಟ್ಟಿಲ ಹಾಡಿನಲ್ಲಿ ಶಿಲುಬೆಯ ಸ್ವರ! ಸಿದ್ಧಾಂತವನ್ನು ಬಿಟ್ಟು ಕೇಳಿದರೂ ಅದು ಇಂಪಾದ ಸಂಗೀತವೇ, ನಿಜ. ಆದರೆ ಆ ಹರ್ಷದೊಳಗೆ ಮಿಡಿಯುವ ನೋವು ಅವನ ಕಿವಿಗೆ ಬೀಳದು; ಬೀಳದಿದ್ದರೆ ಅವನು ಕೇಳಿದುದು ಅರ್ಧ ಮಾತ್ರ. ಚೆಲುವಿಗೆ ಕೊರತೆಯಾಗದೆಂದರಲ್ಲವೆ? ಇಗೋ ಕೊರತೆ.

ಬೇತ್ಲೆಹೇಮಿನಲ್ಲಿ ಆ ಜನನದ ಸ್ಥಳವೆಂದು ನಂಬಲಾದ ಗುಹೆಯ ಮೇಲೆ ಪುರಾತನವಾದ ದೇವಾಲಯವೊಂದಿದೆ. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ ಅದನ್ನು ಕಟ್ಟಿದರು. ಆರನೆಯದರಲ್ಲಿ ಮತ್ತೆ ಕಟ್ಟಿದರು. ಅದರ ಬಾಗಿಲು ಸುಮಾರು ನಾಲ್ಕು ಅಡಿ ಎತ್ತರ ಮಾತ್ರ. ಅರಸನಾದರೂ ಪಂಡಿತನಾದರೂ ಬಾಗಿಯೇ ಒಳಹೊಗಬೇಕು. ಒಳಗಿನ ಕಂಬಗಳ ಚೆಲುವನ್ನು ಹೊರಗೆ ನಿಂತು ನೋಡಲಾಗದು. 614ರಲ್ಲಿ ಪಾರಸಿಕ ಸೇನೆ ಆ ನಾಡಿನ ದೇವಾಲಯಗಳನ್ನು ಕೆಡವುತ್ತ ಬಂದಾಗ, ಇಲ್ಲಿ ಮೂಡಣ ದೇಶದ ಜೋಯಿಸರನ್ನು ತಮ್ಮ ನಾಡಿನ ಉಡುಪಿನಲ್ಲಿ ಚಿತ್ರಿಸಿರುವುದನ್ನು ಕಂಡು ಈ ಒಂದನ್ನು ಉಳಿಸಿ ಹೋಯಿತೆಂದು ಐತಿಹ್ಯವುಂಟು. ಪರದೇಶದವನು ತನ್ನವರನ್ನೇ ಆ ಗೋದಲಿಯ ಮುಂದೆ ಮೊಣಕಾಲೂರಿರುವಂತೆ ಕಂಡನು. ಚೆಲುವು ಮಾಡತಕ್ಕ ಕೆಲಸ ಇದು.

ಆದಕಾರಣ ಈ ವರ್ಷದ ಸಭೆಯಲ್ಲಿ ನಾನು ಹೇಳುವ ಮಾತು ಇಷ್ಟು. ಗೋದಲಿಯನ್ನು ನಿಲ್ಲಿಸಕೂಡದು, ಗುತ್ತಿಗೆಗೂ ಕೊಡಕೂಡದು. ನಮ್ಮ ಮಕ್ಕಳು ನಮ್ಮ ಗದ್ದೆಯ ಹುಲ್ಲಿನಿಂದ, ನಮ್ಮ ಗುಡ್ಡದ ಕೆಮ್ಮಣ್ಣಿನಿಂದ ಅದನ್ನು ಕಟ್ಟಲಿ. ಬೊಂಬೆಯ ಮೂಗು ಸ್ವಲ್ಪ ಸೊಟ್ಟಗಾದರೂ ಚಿಂತೆಯಿಲ್ಲ. ಗುತ್ತಿಗೆಗೆಂದು ಎತ್ತುವ ಹಣವನ್ನು ತರುಣ ಮಿತ್ರರ ಕೈಗೇ ಕೊಟ್ಟು, ಊರಿನಲ್ಲಿ ಒಲೆ ಹೊತ್ತದ ಮನೆ ಯಾವುದೆಂದು ಅವರೇ ಹುಡುಕಿ ಮುಟ್ಟಿಸಲಿ. ಕನ್ನಡದ ಹಾಡುಗಳನ್ನು ಮೊದಲು ಹಾಡೋಣ. ನನ್ನ ಹಳೆಯ ಮಿತ್ರರು ಎಂದಿನಂತೆ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ಹಾಡು ಮುಗಿದ ಮೇಲೆ ಅವರು ಒಂದು ಗಳಿಗೆ ಗೋದಲಿಯ ಮುಂದೆ ಬಾಗಿ, ಆ ಹುಲ್ಲಿನ ಮೇಲೆ ನಾವು ಕಾಣುತ್ತಿರುವುದೇನೆಂದು ನೋಡಲಿ. ರಾಗಿಯನ್ನು ಬಿತ್ತುವ ದಿನ ಹತ್ತಿರ ಬಂತು, ತಟ್ಟೆಗಳನ್ನು ತೊಳೆದಿಡಿರಿ.